ಕಾಲಿಗೆ ಕಟ್ಟಿದ ಡಬ್ಬಿ

ವಯಸ್ಸಾದವರ ಕಾಲನ್ನು ಅಳೆಯಲು ಹೊರಟವನಿಗೆ ಇಂಥವು ಆಗುತ್ತಲೇ ಇರುತ್ತವೆ. ಯಾವುದಾದರೂ ವಾರ ಏನೂ ಆಗಲಿಲ್ಲವೆಂದರೆ ಆ ವಾರ ನಾನು ರಜೆಯಲ್ಲಿದ್ದೆ ಎಂದು ಧಾರಾಳವಾಗಿ ತಿಳಿಯಬಹುದು.

ನಾನು ಮಧುಗಿರಿಯ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಈ ಪದವನ್ನು ಪೂರ್ತಿ ಉಚ್ಚರಿಸಿದ ರೋಗಿಯನ್ನು ನಾನಿನ್ನೂ ಕಂಡಿಲ್ಲ. ಬಾಗಿಲ ಮೇಲೆ ಏನೇ ಬರೆದಿರಲಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನವರ ಪಾಲಿಗೆ ನಾನು ‘ಕಾಲೆತ್ತಿಸೋ ಡಾಕ್ಟ್ರು’. ಮಾಡುವ ಕೆಲಸವೂ ಅದೇ ಆದ್ದರಿಂದ ನಾನು ತಕರಾರು ಮಾಡಿಲ್ಲ.

ನಮ್ಮ ಹಿರಿಯ ಡಾಕ್ಟರಮ್ಮನಿಗೆ ಒಂದು ಚಿಂತೆ. ವಯಸ್ಸಾದವರು ಯಾವ ಕಾಯಿಲೆಗೆ ಬಂದು ಸೇರಿದರೂ ಆಸ್ಪತ್ರೆಯಲ್ಲಿ ಮಲಗಿ ಮಲಗಿಯೇ ಕಾಲಿನ ಕಸುವು ಕಳೆದುಕೊಳ್ಳುತ್ತಾರೆ. ಕಾಯಿಲೆ ವಾಸಿಯಾಗಿರುತ್ತದೆ, ರೋಗಿ ಎದ್ದು ನಿಲ್ಲಲಾರ. ‘ಓಡಾಡ್ತಾ ಇದ್ದಾರಾ?’ ಎಂದು ಮಗನನ್ನು ಕೇಳಿದರೆ ‘ಹೂಂ ಮೇಡಂ, ಚೆನ್ನಾಗಿ ಓಡಾಡ್ತಾರೆ’ ಎನ್ನುತ್ತಾನೆ. ವಿಚಾರಿಸಿದರೆ ಅವನು ಹೇಳುತ್ತಿರುವುದು ಹೋದ ದೀಪಾವಳಿಯ ಸಂಗತಿ. ಆದ್ದರಿಂದ ಕೇಳುವುದು ಬೇಡ, ಅಳೆಯೋಣ ಎಂದು ಡಾಕ್ಟರಮ್ಮ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಗಳನ್ನು ತರಿಸಿದರು. ಕಾಲಿನ ಹರಡಿನ ಮೇಲೆ, ಗೆಜ್ಜೆ ಕಟ್ಟುವ ಜಾಗದಲ್ಲಿ ಪಟ್ಟಿ ಹಾಕಿ ಕಟ್ಟಬೇಕು. ಸಂಜೆ ಬಿಚ್ಚಿ ಕಂಪ್ಯೂಟರಿಗೆ ಸಿಕ್ಕಿಸಿದರೆ ಆ ಕಾಲಿನ ಇಡೀ ದಿನ ಪರದೆಯ ಮೇಲೆ ಬಣ್ಣದ ಗೆರೆಯಾಗಿ ಬರುತ್ತದೆ. ನಡೆದರೆ ಹಸಿರು. ಕಾಲು ಇಳಿಬಿಟ್ಟು ಕೂತರೆ, ನಿಂತರೆ ಹಳದಿ. ಮಲಗಿದರೆ ನೀಲಿ.

ಡಾಕ್ಟರಮ್ಮನ ನಿಯಮ ಸರಳ: ಹಸಿರು ಕಾಣದೆ ಯಾರನ್ನೂ ಮನೆಗೆ ಕಳಿಸುವಂತಿಲ್ಲ. ಹಿರಿಯರ ವಾರ್ಡಿನಲ್ಲಿ ಈ ನಿಯಮಕ್ಕೆ ಜಗ್ಗದವರು ಒಬ್ಬರೇ, ಹೊಳವನಹಳ್ಳಿಯ ಹೂವಿನಜ್ಜಿ. ಅವರ ವಿಷಯ ಮೊದಲು ಹೇಳಬೇಕು, ಏಕೆಂದರೆ ಉಳಿದವರೆಲ್ಲ ಬಂದು ಹೋದರು, ಅಜ್ಜಿ ಮಾತ್ರ ಅಲ್ಲೇ ಇದ್ದರು.

ಕಾಲಲ್ಲಿರುವ ಉಳಿತಾಯ

ಅಜ್ಜಿ ಹೊಳವನಹಳ್ಳಿ ಬಸ್ ನಿಲ್ದಾಣದಲ್ಲಿ ತಗಡಿನ ನೆರಳಿನ ಕೆಳಗೆ, ಮೊದಲ ಕಂಬದ ಪಕ್ಕ ಕೂತು ಹೂ ಮಾರುವವರು. ಬಸ್ಸಿನ ಬಾಗಿಲು ಸರಿಯಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ. ಇಳಿಯುವವರ ಕಣ್ಣಿಗೆ ಮೊದಲು ಬೀಳುವುದು ಅಜ್ಜಿಯ ಕನಕಾಂಬರ, ಆಮೇಲೆ ಊರು. ಅಂಥ ಜಾಗಕ್ಕೆ ಯಾವ ಪತ್ರವೂ ಇಲ್ಲ. ಕೂತವರದು ಜಾಗ, ಎದ್ದರೆ ಮುಗಿಯಿತು. ಅಜ್ಜಿ ಎದ್ದಿರಲಿಲ್ಲ, ಬಿದ್ದಿದ್ದರು. ತೊಡೆಯ ಮೂಳೆ ಮುರಿದು, ರಾಡು ಹಾಕಿ, ಹೊಲಿಗೆ ಬಿಚ್ಚಿ, ವಾಕರ್ ಹಿಡಿದು ನಡೆಯಬಹುದು ಎಂದು ಹೇಳಿಯೂ ಆಗಿತ್ತು.

ಎರಡನೇ ಕಂಬದ ಪಕ್ಕ ಸೀಬೆಹಣ್ಣು ಮಾರುವವನೊಬ್ಬ ಇದ್ದ. ಅಲ್ಲಿನ ಟೀ ಅಂಗಡಿಯವನಿಂದ ಅಜ್ಜಿಯ ಮಗಳಿಗೆ ದಿನಾ ಬೆಳಿಗ್ಗೆ ಫೋನು ಬರುತ್ತಿತ್ತು. ಮಗಳು ಫೋನಿಟ್ಟು ಸುದ್ದಿ ಓದುವವರ ಧಾಟಿಯಲ್ಲಿ ಹೇಳುತ್ತಿದ್ದಳು: “ಅವ್ವಾ, ಸೀಬೆಹಣ್ಣಿನ ಬುಟ್ಟಿ ಇನ್ನೊಂದು ಗೇಣು ಈಚೆಗೆ ಬಂದೈತಂತೆ.”

ಇಷ್ಟೆಲ್ಲ ಇರುವಾಗ ಅಜ್ಜಿ ಎದ್ದು ನಡೆಯಲು ಹಾತೊರೆಯಬೇಕು ಎಂದು ನಾನು ಭಾವಿಸಿದ್ದೆ. ಮೊದಲ ದಿನವೇ ಡಬ್ಬಿ ಕಟ್ಟಿ, ವಾಕರ್ ತಂದು ಮುಂದಿಟ್ಟು, “ಬನ್ನಿ ಅಜ್ಜಿ, ಆ ಗೋಡೆಯವರೆಗೆ ಹೋಗಿ ಬರೋಣ” ಎಂದೆ.

“ಆ ಗೋಡೆ ತಾವ ಏನೈತೆ?”

“ಏನೂ ಇಲ್ಲ.”

“ಏನೂ ಇಲ್ದಿದ್ಮೇಲೆ ಯಾಕೋಗ್ಬೇಕು?”

“ಹೋಗಿ ವಾಪಸ್ ಬರೋಕೆ.”

ಅಜ್ಜಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮಗಳ ಕಡೆ ತಿರುಗಿ, “ಓದ್ದೋರಾ ಇವ್ರು?” ಎಂದು ಕೇಳಿದರು.

ನಾನು ಬಿಡಲಿಲ್ಲ. ನಡೆಯದಿದ್ದರೆ ಮನೆಗೆ ಕಳಿಸುವುದಿಲ್ಲ, ಮನೆಗೆ ಹೋಗದಿದ್ದರೆ ಜಾಗ ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅಜ್ಜಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರ ಲೆಕ್ಕಾಚಾರವೇ ಬೇರೆ.

“ನೋಡು ಮಗಾ, ಈ ಕಾಲಲ್ಲಿ ಇರೋದೇ ಒಂದೀಟು ಸಕ್ತಿ. ಅದನ್ನ ನಿನ್ ಗೋಡೆ ತಾವ ಓಗಿ ಬರೋದ್ರಲ್ಲೇ ಮುಗಿಸ್ಬುಟ್ರೆ, ಊರಿಗೋದ್ಮೇಲೆ ನಾನೇನು ನಿನ್ ಕಾಲು ಇಸ್ಕೊಂಡು ನಡೀಲಾ? ಅದ್ಕೇ ಉಳಿಸ್ಕೊಂಡಿವ್ನಿ.”

ನಡೆದಷ್ಟೂ ಶಕ್ತಿ ಹೆಚ್ಚುತ್ತದೆ ಎಂದು ನನಗೆ ನಾಲ್ಕೂವರೆ ವರ್ಷ ಕಲಿಸಿದ್ದಾರೆ. ಅಜ್ಜಿಯ ಮುಂದೆ ಅದನ್ನು ಹೇಳಿದೆ. ಅಜ್ಜಿ ನನಗೆ ಕಲಿಸಿದವರ ಬಗ್ಗೆ ಮರುಕಪಟ್ಟು ಮಗ್ಗುಲು ಬದಲಿಸಿದರು.

ಚಟ

ಡಬ್ಬಿ ಕಟ್ಟುವ ಮೊದಲು ರೋಗಿಯನ್ನು ಕೆಲವು ಪ್ರಶ್ನೆ ಕೇಳಬೇಕಿತ್ತು. ಪ್ರಶ್ನೆಗಳನ್ನು ಕನ್ನಡಕ್ಕೆ ತಂದವರು ಯಾರೋ ಶುದ್ಧ ಮನಸ್ಸಿನವರು. ಮೊದಲ ಪ್ರಶ್ನೆ ಹೀಗಿತ್ತು: ‘ಆಸ್ಪತ್ರೆಗೆ ದಾಖಲಾಗುವ ಮೊದಲು ನಿಮ್ಮ ದೈಹಿಕ ಚಟುವಟಿಕೆಗಳೇನು?’

ಮಿಡಿಗೇಶಿಯಿಂದ ಬಂದ ಒಬ್ಬ ತಾತನಿಗೆ ಇದನ್ನು ಓದಿ ಹೇಳಿದೆ. ಜ್ವರ ಬಂದು ಸೇರಿದ್ದವರು. ಪಕ್ಕದಲ್ಲಿ ಸೊಸೆ ಗಂಜಿ ಆರಿಸುತ್ತಿದ್ದಳು. ತಾತ ಪ್ರಶ್ನೆ ಕೇಳಿ ಮುಖ ಗಂಭೀರ ಮಾಡಿಕೊಂಡು, “ಅಮ್ಮಣ್ಣೀ, ಒಸಿ ಆಚೆ ನಿಂತ್ಕೊ” ಎಂದು ಅವಳನ್ನು ಕಳಿಸಿದರು. ಆಮೇಲೆ ದನಿ ಇಳಿಸಿದರು.

“ದಾಕ್ಲೆಗೆ ಬರ್ಕೊಂತೀರಾ?”

“ಬರ್ಕೊಳ್ಳಲೇಬೇಕು ತಾತ.”

“ಬರ್ಕೊಳ್ಳಿ ಮತ್ತೆ. ಬೀಡಿ ಐತೆ. ಎಲೆಯಡಿಕೆ ಐತೆ, ಒಗೆಸೊಪ್ಪೂ ಐತೆ. ಹಬ್ಬದಾಗೆ ಇಸ್ಪೀಟು. ಇನ್ನೊಂದು ಐತೆ, ಅದು ಬಿಟ್ಟು ಭಾಳ ದಿನ ಆಯ್ತು, ಆದ್ರೂ ಕೇಳಿದ್ರಲ್ಲ ಅಂತ ಯೋಳ್ತೀನಿ…”

ಅಷ್ಟರಲ್ಲಿ ನನಗೆ ತಿಳಿಯಿತು. ‘ಚಟುವಟಿಕೆ’ಯಲ್ಲಿ ತಾತನ ಕಿವಿಗೆ ಬಿದ್ದದ್ದು ಮೊದಲ ಎರಡು ಅಕ್ಷರ. “ತಾತ, ಚಟ ಅಲ್ಲ, ಚಟುವಟಿಕೆ. ಅಂದ್ರೆ ಕೆಲಸ. ಮೈಗೆ ಶ್ರಮ ಆಗೋದು ಏನು ಮಾಡ್ತಿದ್ರಿ ಅಂತ.”

“ಓ, ಕೆಲ್ಸಾನಾ? ಕೆಲ್ಸ ಏನೂ ಇಲ್ಲ ಸ್ವಾಮಿ, ವಯಸ್ಸಾಯ್ತಲ್ಲ. ಬೆಳಿಗ್ಗೆ ಕುರಿ ಹೊಡ್ಕೊಂಡು ಬೆಟ್ಟದ ಹಿಂದ್ಕೆ ಓಯ್ತೀನಿ, ಹೊತ್ತು ಮುಳುಗೋ ಹೊತ್ಗೆ ಬತ್ತೀನಿ. ಮಧ್ಯದಾಗೆ ಮರಿಗಿರಿ ತಪ್ಪಿಸ್ಕೊಂಡ್ರೆ ಬೆಟ್ಟ ಹತ್ತಿ ಇಳಿಯೋದು. ಅಷ್ಟೇಯ. ಸುಮ್ನೆ ಕೂತಿರ್ತೀನಿ ಅನ್ನಿ.”

ನಮ್ಮ ಬಳಿ ಇದ್ದ ಉತ್ತರಗಳು ಮೂರು: ಕಡಿಮೆ, ಸಾಧಾರಣ, ಹೆಚ್ಚು. ‘ಹೆಚ್ಚು’ ಎಂಬುದಕ್ಕೆ ಕೊಟ್ಟಿದ್ದ ಉದಾಹರಣೆ, ಸಂಜೆ ಉದ್ಯಾನದಲ್ಲಿ ಚುರುಕಾಗಿ ಅಡ್ಡಾಡುವುದು. ಮಿಡಿಗೇಶಿಯ ಕೋಟೆಬೆಟ್ಟವನ್ನು ನಾನೂ ಕಾಲೇಜಿನಲ್ಲಿದ್ದಾಗ ಹತ್ತಿದ್ದೇನೆ, ಅರ್ಧಕ್ಕೆ ಕೂತು ಹೃದಯದ ಮಾತು ಕೇಳಿಸಿಕೊಂಡು ಇಳಿದಿದ್ದೇನೆ. ಆ ಬೆಟ್ಟದ ಸುತ್ತ ದಿನಾ ಸುತ್ತುವ ಮನುಷ್ಯ ‘ಸುಮ್ಮನೆ ಕೂತಿರ್ತೀನಿ’ ಎನ್ನುವಾಗ ಯಾವ ಉತ್ತರಕ್ಕೆ ಗುರುತು ಹಾಕುವುದೆಂದು ತಿಳಿಯದೆ ಕೈ ಕಟ್ಟಿ ನಿಂತೆ. ದೇವಸ್ಥಾನದಲ್ಲಿ ನಿಂತಂತೆ ಎಂದರೂ ತಪ್ಪಿಲ್ಲ.

ತಾತನ ಯೋಚನೆ ಬೇರೆಲ್ಲೋ ಇತ್ತು. ಸೊಸೆ ಒಳಗೆ ಬರುವುದನ್ನು ನೋಡಿ ಪಿಸುಗುಟ್ಟಿದರು: “ಕೆಲ್ಸ ಅಂತ ಮೊದ್ಲೇ ಯೋಳ್ಬಾರ್ದಾ ಸ್ವಾಮಿ? ಸುಮ್ನೆ ನಿಜ ಎಲ್ಲಾ ಯೋಳ್ಬುಟ್ನಲ್ಲ!”

ಶಿರಾದ ಸಿಲಬಸ್ಸು

ಶಿರಾದಿಂದ ಬಂದಿದ್ದ ಒಬ್ಬ ಸಾಹೇಬರಿಗೆ ಎದೆಯಲ್ಲಿ ಕಫ. ಹೊಲಿಗೆ ಕೆಲಸ ಮಾಡಿ ಬಾಗಿದ ಬೆನ್ನು, ಬಿಳಿ ಗಡ್ಡ, ಮಾತು ಕಡಿಮೆ. ಅವರ ಡಬ್ಬಿಯನ್ನು ಸಂಜೆ ಕಂಪ್ಯೂಟರಿಗೆ ಸಿಕ್ಕಿಸಿದಾಗ ಡಾಕ್ಟರಮ್ಮ ಗಾಬರಿಯಾದರು. ಹಳದಿ, ನೀಲಿ, ಹಳದಿ, ನೀಲಿ ಎಂದು ಚಿಕ್ಕ ಚಿಕ್ಕ ಪಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ.

“ನಿಂತಿದ್ದಾರೆ, ಮಲಗಿದ್ದಾರೆ, ನಿಂತಿದ್ದಾರೆ, ಮಲಗಿದ್ದಾರೆ. ಇದು ಹೇಗೆ ಸಾಧ್ಯ? ತಲೆ ಸುತ್ತಿ ಬೀಳ್ತಾ ಇದ್ದಾರೇನ್ರೀ?”

ಮರುದಿನ ಮಧ್ಯಾಹ್ನ ಅದೇ ಹೊತ್ತಿಗೆ ನಾವಿಬ್ಬರೂ ಓಡಿದೆವು. ಸಾಹೇಬರು ಮಂಚದ ಪಕ್ಕ ಚಾದರ ಹಾಸಿ ನಮಾಜು ಮಾಡುತ್ತಿದ್ದರು. ನಿಂತರು, ಬಾಗಿದರು, ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸಿದರು, ಮತ್ತೆ ಎದ್ದರು. ಮಂಡಿಯೂರಿದಾಗ ಕಾಲು ನೆಲಕ್ಕೆ ಅಡ್ಡವಾಗುವುದರಿಂದ ನಮ್ಮ ಡಬ್ಬಿ ಅದನ್ನು ನಿದ್ದೆ ಎಂದು ತಿಳಿದಿತ್ತು. ನಮಾಜು ಮುಗಿಯುವವರೆಗೆ ನಾವು ಕಾದೆವು. ನನ್ನ ವೃತ್ತಿಯಲ್ಲಿ ಈ ವಯಸ್ಸಿನವರನ್ನು ನೆಲದಿಂದ ಒಂದು ಸಲ ಎಬ್ಬಿಸಿದರೆ ಫೋಟೋ ತೆಗೆದು ಗೋಡೆಗೆ ಹಾಕುತ್ತೇವೆ. ಇವರು ಯಾರ ಕೈಯೂ ಹಿಡಿಯದೆ ಎದ್ದೇ ಎದ್ದರು.

“ಮಂಡಿ ನೋವಿಲ್ವಾ ಸಾಹೇಬ್ರೇ?” ಎಂದರು ಡಾಕ್ಟರಮ್ಮ.

“ದರ್ದ್ ಇದೆ ಅಮ್ಮಾ. ಅದಕ್ಕೇ ಏಳ್ತೀನಿ. ನಾನು ಏಳ್ಲಿಲ್ಲ ಅಂದ್ರೆ ಅದು ನನ್ನ ಮಲಗಿಸಿಬಿಡ್ತದೆ.”

ಡಾಕ್ಟರಮ್ಮ ನನ್ನ ಕಡೆ ತಿರುಗಿ, “ಇವರಿಗೆ ನೀವು ಯಾವ ವ್ಯಾಯಾಮ ಹೇಳಿಕೊಟ್ಟಿದ್ರಿ?” ಎಂದರು. ಮಂಚ ಹಿಡಿದು ಎದ್ದು ಕೂರುವುದು, ದಿನಕ್ಕೆ ಎರಡು ಹೊತ್ತು ಎಂದೆ.

ಸಾಹೇಬರು ಚಾದರ ಮಡಿಸುತ್ತ ನನ್ನನ್ನು ಸಮಾಧಾನ ಮಾಡಿದರು. “ಪರವಾಗಿಲ್ಲ ಬೇಟಾ. ನಮ್ಮದ್ರಲ್ಲಿ ಐದು ಹೊತ್ತು. ನಿಮ್ಮ ಡಿಪಾರ್ಟ್‌ಮೆಂಟು ಇನ್ನೂ ಹೊಸದಲ್ವಾ, ನಿಧಾನಕ್ಕೆ ಬರ್ತದೆ.”

ಹಿರಿಯರ ವಾರ್ಡಿನಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಇರುವುದು ಒಂದು ಹಸಿರು ಪರದೆ. ಅದು ನೋಟವನ್ನು ತಡೆಯುತ್ತದೆ, ಮಾತನ್ನಲ್ಲ. ಸಾಹೇಬರು ಮನೆಗೆ ಹೊರಟ ದಿನ ಆಚೆಯಿಂದ ಹೂವಿನಜ್ಜಿಯ ದನಿ ಬಂತು: “ಅವ್ರಿಗೇನಪ್ಪ, ಎದ್ರೆ ದ್ಯಾವ್ರು ಸಿಗ್ತಾನೆ. ನಂಗೆ ಎದ್ರೆ ಆ ಗೋಡೆ!” ಆವತ್ತಿನ ಫೋನಿನ ಪ್ರಕಾರ ಸೀಬೆಹಣ್ಣಿನ ಬುಟ್ಟಿ ಮೊದಲ ಕಂಬಕ್ಕೆ ಒರಗಿತ್ತು.

ಅದ್ಭುತ ಚೇತರಿಕೆ

ಪಾವಗಡದ ಕಡೆಯಿಂದ ವೃದ್ಧ ದಂಪತಿ ಬಂದರು. ಗಂಡನಿಗೆ ಉಬ್ಬಸ. ಹೆಂಡತಿ ಜೊತೆಗೆ ನೋಡಿಕೊಳ್ಳಲು. ಇಬ್ಬರೂ ಒಂದು ವಾಕ್ಯವನ್ನು ಕನ್ನಡದಲ್ಲಿ ಹತ್ತಿ ತೆಲುಗಿನಲ್ಲಿ ಇಳಿಯುವವರು. ಯಜಮಾನರ ಕಾಲಿಗೆ ಡಬ್ಬಿ ಕಟ್ಟಿದಾಗ ಅವರು, “ಇದು ಕಟ್ಟಿದ್ರೆ ಏನಾಗುತ್ತೆ?” ಎಂದರು. “ನೀವು ಎಷ್ಟು ಓಡಾಡ್ತೀರಿ ಅಂತ ಗೊತ್ತಾಗುತ್ತೆ” ಎಂದೆ. “ಓಹೋ” ಎಂದು ಮಲಗಿದರು.

ಸಂಜೆ ಯಜಮಾನರು ಬಿಚ್ಚಿಟ್ಟಿದ್ದ ಡಬ್ಬಿಯ ಗೆರೆ ನೋಡಿ ಡಾಕ್ಟರಮ್ಮ ಕುರ್ಚಿಯಿಂದ ಎದ್ದರು. ಇಡೀ ದಿನ ಹಸಿರು. ನಮ್ಮ ಡಬ್ಬಿ ಅಲ್ಲಿಯವರೆಗೆ ಅಷ್ಟು ಹಸಿರು ಕಂಡಿರಲಿಲ್ಲ. ಬೆಳಿಗ್ಗೆ ನಡೆದಿದ್ದಾರೆ, ಮಧ್ಯಾಹ್ನ ನಡೆದಿದ್ದಾರೆ, ಮೆಟ್ಟಿಲು ಹತ್ತಿದ್ದಾರೆ, ಇಳಿದಿದ್ದಾರೆ. ಉಬ್ಬಸದ ರೋಗಿ! “ಔಷಧಿಯ ಪ್ರಭಾವ ಕಣ್ರೀ” ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದರು. ನಾನು ವ್ಯಾಯಾಮದ ಪ್ರಭಾವವೂ ಇರಬಹುದು ಎಂದೆ. ಸ್ವಲ್ಪ ಹೊತ್ತು ಇಬ್ಬರೂ ಯಶಸ್ಸನ್ನು ಹಂಚಿಕೊಂಡೆವು.

ಮರುದಿನ ಬೆಳಿಗ್ಗೆ ಡಬ್ಬಿ ಕಟ್ಟಿ ಬಂದು, ಮಧ್ಯಾಹ್ನ ಮತ್ತೆ ವಾರ್ಡಿಗೆ ಹೋದರೆ ಯಜಮಾನರು ಮಲಗಿದಲ್ಲೇ ಇದ್ದರು. ಕಾಲು ಬರಿದು. ಆ ಅಮ್ಮ ಬಿಸಿನೀರಿನ ಫ್ಲಾಸ್ಕು ಹಿಡಿದು ಒಳಗೆ ಬಂದರು. ಸೀರೆಯ ಅಂಚಿನ ಕೆಳಗೆ ನಮ್ಮ ಡಬ್ಬಿ.

“ಯಜಮಾನ್ರೇ, ಇದನ್ನ ಅವರಿಗ್ಯಾಕೆ ಕಟ್ಟಿದ್ರಿ?”

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನಿಸಿತು. “ಓಡಾಡೋದು ತಿಳೀಬೇಕು ಅಂದ್ರಲ್ಲ ಸಾರ್? ನಮ್ಮಿಬ್ಬರಲ್ಲಿ ಓಡಾಡೋದು ಅವಳು. ನನ್ನ ಕಾಲಿಗೆ ಕಟ್ಟಿದ್ರೆ ಅದಕ್ಕೆ ಏನು ತಿಳೀತದೆ, ಪಾಪಂ.”

ವಿಷಯ ಇದು: ನೀರು ಕೆಳಗಿನ ಮಹಡಿಯಲ್ಲಿ, ಔಷಧಿ ಅಂಗಡಿ ಗೇಟಿನಾಚೆ, ರಕ್ತಪರೀಕ್ಷೆ ಇನ್ನೊಂದು ಕಟ್ಟಡದಲ್ಲಿ, ಗಂಡನಿಗೆ ಬೇಕಾದ ಕಾಫಿ ಬಸ್ ಸ್ಟ್ಯಾಂಡಿನ ಹತ್ತಿರ. ನಮ್ಮ ಆಸ್ಪತ್ರೆಯಲ್ಲಿ ಅತಿ ಹೆಚ್ಚು ನಡೆಯುವ ವಯಸ್ಸಾದವರು ಯಾರೆಂದರೆ ರೋಗಿಗಳಲ್ಲದವರು. ಇದನ್ನು ಕಂಡುಹಿಡಿಯಲು ಡಬ್ಬಿ ತಪ್ಪು ಕಾಲಿಗೆ ಹೋಗಬೇಕಾಯಿತು. ಡಾಕ್ಟರಮ್ಮ ಪರದೆಯ ಮೇಲಿನ ಹಸಿರನ್ನು ಆ ಅಮ್ಮನಿಗೇ ತೋರಿಸಿ, “ಇದೆಲ್ಲ ನೀವು ನಡೆದದ್ದು” ಎಂದರು.

ಆಕೆ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಗಂಡನ ಕಡೆ ತಿರುಗಿದರು. “ಚೂಸ್ತಿವಾ? ಮಿಷನ್‌ಗೂ ಗೊತ್ತಾಯ್ತು. ಇಂಕ ಲೇಯಿ, ಎದ್ದೇಳು, ಮಂಚ ನಂಗೆ ಬಿಡು, ನಾನು ಅಡ್ಮಿಟ್ ಆಗ್ತೀನಿ.”

ಮಲಗಿಕೊಂಡು ಹೂ ಕಟ್ಟುವುದು

ಇತ್ತ ಹೂವಿನಜ್ಜಿಯ ಗೆರೆ ದಿನಾ ನೀಲಿಯೇ. ಬೆಳಿಗ್ಗೆ ನೀಲಿ, ಸಂಜೆ ನೀಲಿ. ‘ಇಡೀ ದಿನ ಮಲಗೇ ಇದ್ದಾರೆ’ ಎಂದು ಡಾಕ್ಟರಮ್ಮ ಮುಖ ಸಣ್ಣದು ಮಾಡಿಕೊಂಡರು. ಇವರ ಕಾಲು ಕೈಬಿಟ್ಟು ಹೋಗುತ್ತಿದೆ ಎಂಬ ನಿಜವಾದ ಭಯ ಅವರಿಗಿತ್ತು, ನನಗೂ ಇತ್ತು.

ಅದೇ ವಾರದಲ್ಲಿ ಇನ್ನೊಂದು ಬೆಳವಣಿಗೆ ನಡೆದಿತ್ತು. ನಮ್ಮ ನರ್ಸುಗಳ ಮುಡಿಯಲ್ಲಿ ಕನಕಾಂಬರ ಕಾಣತೊಡಗಿತ್ತು. ಮೊದಲು ಒಬ್ಬರು, ಆಮೇಲೆ ಮೂವರು, ಆಮೇಲೆ ಎಕ್ಸ್‌ರೇ ವಿಭಾಗ. ರಕ್ತ ತೆಗೆಯುವ ಕೋಣೆಯ ಗಣಪತಿ ಪಟಕ್ಕೂ ಹಾರ ಬಂತು. ಜಾಡು ಹಿಡಿದು ಹೋದರೆ ಹೂವಿನಜ್ಜಿಯ ಮಂಚ. ಮಗಳು ತಂದುಕೊಟ್ಟ ಬಿಡಿ ಹೂವನ್ನು ಮುಂದೆ ಸುರಿದುಕೊಂಡು, ಚಕ್ಕಳಮಕ್ಕಳ ಹಾಕಿ ಕೂತು, ಬಾಳೆನಾರು ಹಲ್ಲಲ್ಲಿ ಕಚ್ಚಿ, ಅಜ್ಜಿ ಹೂ ಕಟ್ಟುತ್ತಿದ್ದರು. ಬೆರಳು ಕಣ್ಣಿಗೆ ಕಾಣುತ್ತಿರಲಿಲ್ಲ. ಒಂದು ಕಡೆ ಬಿಡಿ ಹೂವಿನ ರಾಶಿ ಕರಗುತ್ತಿತ್ತು, ಇನ್ನೊಂದು ಕಡೆ ಮಾಲೆ ಬೆಳೆಯುತ್ತಿತ್ತು. ನಡುವೆ ಏನಾಯಿತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಚಕ್ಕಳಮಕ್ಕಳ ಹಾಕಿದರೆ ಕಾಲು ಅಡ್ಡ. ಕಾಲು ಅಡ್ಡವಾದರೆ ನಮ್ಮ ಡಬ್ಬಿಯ ಪ್ರಕಾರ ಮಲಗಿದಂತೆ. ಆ ಡಬ್ಬಿ ಹುಟ್ಟಿದ ದೇಶದಲ್ಲಿ ಎಲ್ಲರೂ ಕುರ್ಚಿಯ ಮೇಲೇ ಕೂರುತ್ತಾರೆಂದು ಕಾಣುತ್ತದೆ.

ನಾನು ಇದನ್ನು ಅಜ್ಜಿಗೆ ವಿವರಿಸಿ, “ನೀವು ಮಲಗಿದ್ದೀರಿ ಅಂತ ಮಿಷನ್ ಹೇಳ್ತಾ ಇದೆ” ಎಂದದ್ದು ತಪ್ಪಾಯಿತು.

“ಯಾರು? ನಾನು? ಮಲ್ಗಿವ್ನಿ ಅಂತಾ?” ಅಜ್ಜಿಯ ಬೆರಳು ಮೊದಲ ಬಾರಿಗೆ ನಿಂತಿತು. “ಅದ್ರ ನಾಲ್ಗೆ ಸೇದೋಗ! ಅದ್ನ ಬಿಚ್ಚಿ ನನ್ ಕೈಗೆ ಕಟ್ಲಾ, ಗೊತ್ತಾಯ್ತದೆ!”

ನಡೀರಿ

ಈಗ ಕೊನೆಯದು.

ಆವತ್ತು ಬೆಳಿಗ್ಗೆ ಮಗಳು ಫೋನಿಟ್ಟು ಅಳುಮುಖ ಮಾಡಿದಳು. ಸೀಬೆಹಣ್ಣಿನ ಬುಟ್ಟಿ ಕಂಬ ದಾಟಿ ಅಜ್ಜಿಯ ಜಾಗದಲ್ಲೇ ಕೂತಿದೆಯಂತೆ. ‘ಇನ್ನೇನು ಅಜ್ಜಿ ನಡೆಯಾಕಿಲ್ಲ ಬುಡಿ’ ಎಂದು ಅವನು ಎಲ್ಲರ ಮುಂದೆ ಹೇಳಿದನಂತೆ. ನನಗೂ ಸಂಕಟವಾಗಿ, ಸಂಕಟ ಹೇಗೋ ಸಿಟ್ಟಾಗಿ, ವಾಕರನ್ನು ಅವರ ಮುಂದೆ ಟಪ್ ಎಂದು ಇಟ್ಟು ಹೇಳಿದೆ: “ನಡೀರಿ ಅಜ್ಜಿ. ನಡೀರಿ!”

ನಮ್ಮ ಕಡೆ ಈ ಪದಕ್ಕೆ ಎರಡು ಅರ್ಥ. ಮೆಲ್ಲಗೆ ಹೇಳಿದರೆ, ಕಾಲು ಮುಂದಿಡಿ ಎಂದು. ಸ್ವಲ್ಪ ಜೋರಾಗಿ ಹೇಳಿದರೆ, ಇಲ್ಲಿಂದ ಹೊರಡಿ ಎಂದು. ನಾನು ಹೇಳಿದ್ದು ಮೊದಲನೆಯದು, ಅಜ್ಜಿ ತೆಗೆದುಕೊಂಡದ್ದು ಎರಡನೆಯದು.

ನಾನು ಇನ್ನೊಬ್ಬ ರೋಗಿಯ ಕಡೆ ಹೋದೆ. ಮಗಳು ಇಡ್ಲಿ ತರಲು ಹೋದಳು. ಇಡ್ಲಿ ಬಂದಾಗ ಮಂಚದ ಮೇಲೆ ಅಜ್ಜಿ ಇರಲಿಲ್ಲ, ಪಕ್ಕದಲ್ಲಿ ವಾಕರ್ ಇರಲಿಲ್ಲ. ಬಚ್ಚಲು ನೋಡಿದೆವು, ಎಕ್ಸ್‌ರೇ ನೋಡಿದೆವು, ಔಷಧಿ ಅಂಗಡಿ ನೋಡಿದೆವು. ಡಾಕ್ಟರಮ್ಮ ಬಿಳಿಚಿಕೊಂಡರು. ಆಪರೇಷನ್ ಆದ ಕಾಲು ಎಲ್ಲಾದರೂ ಮತ್ತೆ ಬಿದ್ದರೆ ಇನ್ನು ಏಳುವ ಮಾತಿಲ್ಲ. ಮಗಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬಹಳ ಹೊತ್ತಾದ ಮೇಲೆ ಅವಳ ಫೋನು ಹೊಡೆದುಕೊಂಡಿತು. ಟೀ ಅಂಗಡಿಯವನು.

“ಅಕ್ಕಾ, ನಿಮ್ಮವ್ವ ಬಂದೈತೆ. ನೀವೆಲ್ಲಿ?”

ಡಾಕ್ಟರಮ್ಮನ ಕಾರಿನಲ್ಲಿ ಮೂವರೂ ಹೊರಟೆವು. ನಾನು ಮನಸ್ಸಿನಲ್ಲೇ ಅಜ್ಜಿ ಹೋದ ದಾರಿಯನ್ನು ನಡೆದು ನೋಡುತ್ತಿದ್ದೆ. ವಾರ್ಡಿನಿಂದ ಗೇಟು, ಗೇಟಿನಿಂದ ಬಸ್ ಸ್ಟ್ಯಾಂಡು, ಬಸ್ಸಿನ ಮೆಟ್ಟಿಲು, ಕೊರಟಗೆರೆಯಲ್ಲಿ ಇಳಿದು ಮತ್ತೊಂದು ಬಸ್ಸು. ಗೋಡೆಯವರೆಗೆ ಹೋಗಿ ಬರಲು ಒಪ್ಪದ ಕಾಲು ಎರಡು ಬಸ್ಸು ಹತ್ತಿ ಇಳಿದಿತ್ತು.

ಹೊಳವನಹಳ್ಳಿಯಲ್ಲಿ ಕಾರು ನಿಂತಾಗ ಕಂಡ ದೃಶ್ಯ ಇದು. ಮೊದಲ ಕಂಬದ ಪಕ್ಕ ಗೋಣಿಚೀಲ. ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಅಜ್ಜಿ. ಅವರ ಮುಂದೆ ನಮ್ಮ ಆಸ್ಪತ್ರೆಯ ವಾಕರ್. ಅದರ ನಾಲ್ಕೂ ಸರಳಿಗೆ ಕನಕಾಂಬರ, ಮಲ್ಲಿಗೆ, ಸೇವಂತಿಗೆ ಮಾಲೆಗಳು ಇಳಿಬಿದ್ದಿದ್ದವು. ಅದಕ್ಕಿಂತ ಚೆನ್ನಾದ ಹೂವಿನ ಅಂಗಡಿಯನ್ನು ನಾನು ತುಮಕೂರಿನಲ್ಲೂ ನೋಡಿಲ್ಲ. ಸೀಬೆಹಣ್ಣಿನವನು ಎರಡನೇ ಕಂಬಕ್ಕೆ ವಾಪಸ್ಸಾಗಿ ಬುಟ್ಟಿ ತಬ್ಬಿ ಕೂತಿದ್ದ.

ಮಗಳು ಓಡಿಹೋಗಿ ಬೈಯಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. “ಹೆಂಗವ್ವ ಬಂದೆ? ಆಧಾರ್ ಕಾರ್ಡು ನನ್ ತಾವ ಐತೆ, ಫ್ರೀ ಟಿಕೆಟ್ ಹೆಂಗ್ ಕೊಟ್ಟ?”

“ಕಂಡಕ್ಟ್ರು ಕೇಳ್ದ. ‘ಅಜ್ಜಿ, ಗೌರ್ಮೆಂಟ್‌ದು ಏನಾರ ತೋರ್ಸು’ ಅಂದ. ಕಾಲೆತ್ತಿ ಈ ಡಬ್ಬಿ ತೋರ್ಸ್ದೆ. ‘ಇದೂ ಗೌರ್ಮೆಂಟ್‌ದೇ, ಮೈಗೇ ಕಟ್ಟವ್ರೆ ನೋಡು’ ಅಂದೆ. ಕೈ ಮುಗ್ದು ಟಿಕೆಟ್ ಕೊಟ್ಟ. ಕೊರಟಗೆರೇಲಿ ಹೂ ತಕ್ಕೊಂಡೆ, ಬಸ್ಸಲ್ಲೇ ಕಟ್ಕೊಂಡ್ ಬಂದೆ.”

ಡಾಕ್ಟರಮ್ಮ ಮುಂದೆ ಬಂದರು. ಬೈಯಲು ಬಂದವರು ಅವರು, ಆದರೆ ಹೂ ತುಂಬಿದ ವಾಕರ್ ನೋಡುತ್ತ ದನಿ ತಾನಾಗಿ ಇಳಿಯಿತು. “ಅಜ್ಜೀ, ಹೀಗೆ ಹೇಳದೆ ಬರಬಹುದಾ?”

“ಯೋಳ್ದೆ ಎಲ್ಲಿ ಬಂದೆ ಕಣವ್ವ? ನಿನ್ ಕಾಲೆತ್ತಿಸೋ ಡಾಕ್ಟ್ರೇ ನಡೀರಿ ನಡೀರಿ ಅಂತ ಎಲ್ರ ಮುಂದೆ ಓಡ್ಸಿದ್ದು. ಕೇಳು ಬೇಕಾದ್ರೆ.”

ಎಲ್ಲರೂ ನನ್ನನ್ನು ನೋಡಿದರು. ನಾನು ಸೇವಂತಿಗೆಯನ್ನು ನೋಡಿದೆ.

ಡಾಕ್ಟರಮ್ಮ ಯೋಚಿಸಿ ಹೇಳಿದರು: “ಆಯ್ತು. ಒಂದೇ ಒಂದು ಸಲ ನನ್ನ ಕಣ್ಣ ಮುಂದೆ ಎದ್ದು ನಡೆದು ತೋರಿಸಿ. ಕಾಲು ಸರಿಯಾಗಿ ಬೀಳ್ತಾ ಇದ್ರೆ ಇಲ್ಲೇ ಡಿಸ್ಚಾರ್ಜ್ ಮಾಡ್ತೀನಿ. ಇಲ್ಲದಿದ್ರೆ ಕಾರು ಹತ್ತಬೇಕು.”

ಅಜ್ಜಿ ಎದ್ದೇಳಲು ವಾಕರ್ ಹಿಡಿದರು. ಎರಡನೇ ಕಂಬದಲ್ಲಿ ಸೀಬೆಹಣ್ಣಿನ ಬುಟ್ಟಿ ಒಂದಿಷ್ಟು ಅಲುಗಿತು. ಅಜ್ಜಿ ಮತ್ತೆ ಕೂತರು.

“ಏಳಾಕಿಲ್ಲ. ಎದ್ರೆ ಜಾಗ ಓಯ್ತದೆ. ಆ ನನ್ಮಗ ಕಾಯ್ತಾ ಅವ್ನೆ.”

“ನಾನೇನ್ ಮಾಡ್ದೆನಜ್ಜಿ? ಹಣ್ಣು ಜೋಡಿಸ್ಕೊಂತಿದ್ದೆ” ಎಂದ ಸೀಬೆಹಣ್ಣಿನವನು, ಜೋಡಿಸುವ ಹಣ್ಣಿಲ್ಲದ ಕಡೆ ಕೈಯಾಡಿಸುತ್ತ.

ಏಳದಿದ್ದರೆ ಬಿಡುಗಡೆ ಇಲ್ಲ, ಎದ್ದರೆ ಜಾಗ ಇಲ್ಲ. ಮಗಳನ್ನು ಕೂರಿಸೋಣವೆಂದರೆ ಅವಳು ಅವ್ವನ ತೋಳು ಬಿಡಲು ಸಿದ್ಧಳಿರಲಿಲ್ಲ. ನನ್ನನ್ನು ಅಜ್ಜಿ ನಂಬುವ ಸ್ಥಿತಿಯಲ್ಲಿರಲಿಲ್ಲ. ಕೊನೆಗೆ ಡಾಕ್ಟರಮ್ಮ ಚಪ್ಪಲಿ ಬಿಟ್ಟು, ಸೀರೆ ಸರಿಮಾಡಿಕೊಂಡು, ಆ ಗೋಣಿಚೀಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು. “ಈಗ ನಡೀರಿ” ಎಂದರು, ತುಂಬ ಮೆಲ್ಲಗೆ.

ಅಷ್ಟರಲ್ಲಿ ಕೊರಟಗೆರೆ ಕಡೆಯ ಬಸ್ಸು ಬಂತು. ಅಜ್ಜಿ ಕೈಯಲ್ಲಿದ್ದ ಮಾಲೆ ಗೋಣಿಯ ಮೇಲಿಟ್ಟು ಎದ್ದರು. ಹೂ ಹೊತ್ತ ವಾಕರನ್ನು ಮುಂದಿಟ್ಟರು, ಕಾಲು ಇಟ್ಟರು, ಮತ್ತೆ ವಾಕರ್ ಇಟ್ಟರು. ಬಸ್ಸಿನ ಮುಂದಿನ ಕಿಟಕಿಯಿಂದ ಹಿಂದಿನ ಕಿಟಕಿಯವರೆಗೆ, “ಕನಕಾಂಬ್ರ ತಕ್ಕೊಳ್ರವ್ವಾ, ಈಗಿನ್ನೂ ಕಟ್ಟಿದ್ದು” ಎನ್ನುತ್ತ ನಡೆದರು. ಕಿಟಕಿಯಿಂದ ಕೈಗಳು ಬಂದವು. ವಾಕರಿನಿಂದ ಮಾಲೆಗಳು ಇಳಿದವು. ನಾನು ವಿದ್ಯಾರ್ಥಿಯಾಗಿದ್ದಾಗಿನಿಂದ ನಡಿಗೆಗಳನ್ನು ನೋಡಿದ್ದೇನೆ. ಹಿಮ್ಮಡಿ ಹೀಗೆ ಬೀಳಬೇಕು, ಸೊಂಟ ಹೀಗೆ ತಿರುಗಬೇಕು ಎಂದು ಚಿತ್ರ ಬರೆದು ಕಲಿಸಿದ್ದೇನೆ. ಆ ಚಿತ್ರ ಎದ್ದು ಬಂದು ಹೂ ಮಾರಿದ್ದನ್ನು ಆವತ್ತೇ ನೋಡಿದ್ದು. ಮಗಳು ಹಿಡಿಯಲು ಚಾಚಿದ ಕೈಯನ್ನು ಹಾಗೇ ಗಾಳಿಯಲ್ಲಿಟ್ಟುಕೊಂಡು ಹಿಂದೆ ಹಿಂದೆ ಹೋಗುತ್ತಿದ್ದಳು. ಡಾಕ್ಟರಮ್ಮನ ಕಣ್ಣು ತುಂಬಿತ್ತು.

ಆಗ ಬಸ್ಸಿನಿಂದ ಇಳಿದ ಮೇಡಂ ಒಬ್ಬರು, ತಡವಾಗಿ ಶಾಲೆಯ ಕಡೆ ಹೊರಟವರು, ನೇರ ಗೋಣಿಚೀಲದ ಹತ್ತಿರ ಬಂದರು. “ಎರಡು ಮೊಳ ಕೊಡಮ್ಮಾ, ಬೇಗ.”

ಡಾಕ್ಟರಮ್ಮ ಸುತ್ತ ನೋಡಿದರು. ಬೇರೆ ದಾರಿ ಇರಲಿಲ್ಲ. ಕಣ್ಣೊರೆಸಿಕೊಂಡು, ಮಾಲೆಯ ತುದಿ ಮೊಣಕೈಗೆ ಹಿಡಿದು, ತಮ್ಮ ನೀಳವಾದ ತೋಳಿನ ಉದ್ದಕ್ಕೂ ನಡುಬೆರಳಿನ ತುದಿಯವರೆಗೆ ಬಹಳ ಪ್ರಾಮಾಣಿಕವಾಗಿ ಎಳೆದು ಒಂದು ಮೊಳ ಅಳೆದರು.

ಬಸ್ಸಿನ ಹಿಂದಿನ ಚಕ್ರದ ಹತ್ತಿರದಿಂದ ಅಜ್ಜಿಯ ಕೂಗು ಇಡೀ ನಿಲ್ದಾಣಕ್ಕೆ ಕೇಳಿಸಿತು:

“ಅಯ್ಯಯ್ಯೋ, ನೀನ್ ಅಳೀಬ್ಯಾಡ ಕಣವ್ವಾ! ನಿನ್ ಕೈ ಉದ್ದ, ನನ್ ಅಂಗ್ಡಿ ಮುಳುಗೋಯ್ತದೆ! ಲೇ ಸೀಬೆಹಣ್ಣು, ಬಾರ್ಲಾ ಇಲ್ಲಿ, ನೀನ್ ಅಳೆದ್ಕೊಡು, ನಿನ್ ಕೈ ಗಿಡ್ಡ!”